ಮರೆವ್ವನ ಕಂಡಿಕೆಗೆ ಸಿಕ್ಕ ಹಕ್ಕಿ

ಇಳಕಲ್ಲಿನ ನೇಕಾರ ಓಣಿಯಲ್ಲಿ ಮಗ್ಗಗಳಿನ್ನೂ ಮಲಗಿವೆ. ಮರೆವ್ವ ಮಾತ್ರ ಆಗಲೇ ಹಿತ್ತಲ ಬಾಗಿಲಲ್ಲಿ ರಾಟಿ ಹಾಕಿಕೊಂಡು ಕೂತಿದ್ದಾರೆ. ಬಲಗೈ ಚಕ್ರ ತಿರುಗಿಸುತ್ತಿದೆ, ಎಡಗೈ ನೂಲು ಹಿಡಿದಿದೆ, ಕಣ್ಣು ನುಗ್ಗೆಮರದ ಬುಡದಲ್ಲಿದೆ. ಅಲ್ಲಿ ಮೊಟಕು ಬಾಲದ ಹಕ್ಕಿಯೊಂದು ಕುಪ್ಪಳಿಸುತ್ತ, ತರಗೆಲೆ ಮಗುಚಿ ಹುಳ ಹೆಕ್ಕುತ್ತಿದೆ.

"ಮೂರ ದಿನಾ ಆತ್ರಿ ಬಂದು. ಇಂಥಾದ್ದು ನಮ್ಮ ಹಿತ್ತಲದಾಗ ಎಂದೂ ಇಳಿದಿದ್ದಿಲ್ಲ." ಬಾಗಿಲ ಮರೆಯಲ್ಲಿ ಕೂತ ಅತಿಥಿಗೆ ಮರೆವ್ವ ಮೆಲ್ಲಗೆ ಹೇಳುತ್ತಾರೆ.

ಶಾಲೆಯ ಮೆಟ್ಟಿಲು ಹತ್ತದ ಮರೆವ್ವಗೆ ಐವತ್ತೆಂಟು. ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ, ಅಂದರೆ ಕಂಡಿಕೆಗೆ, ನೂಲು ಸುತ್ತುವುದು ನಲವತ್ತು ವರ್ಷದ ಕಸಬು. ದಿನಕ್ಕೆ ನೂರರ ಮೇಲೆ. ಸೀರೆಗೆ ಬಹುಮಾನ ಬಂದರೆ ಫೋಟೋದಲ್ಲಿ ನಿಲ್ಲುವವರು ಬೇರೆ. ಹೊಕ್ಕಿನ ಒಂದೊಂದು ಎಳೆಯೂ ಈ ಬೆರಳು ದಾಟಿಯೇ ಹೋಗಿದೆ ಎಂದು ಯಾರೂ ಹೇಳುವುದಿಲ್ಲ.

ಅಕ್ಷರ ಕೊಡದ ಊರಿಗೆ ಮರೆವ್ವ ನೂಲಿನಲ್ಲೇ ಉತ್ತರ ಬರೆದಿದ್ದಾರೆ. ಹೊಸ ಹಕ್ಕಿ ಕಂಡರೆ ಉಳಿಕೆ ನೂಲಿನ ತುಂಡುಗಳನ್ನು, ನೆತ್ತಿಯಿಂದ ಬಾಲದವರೆಗಿನ ಬಣ್ಣದ ಸರದಿಯಲ್ಲೇ, ಖಾಲಿ ಕಂಡಿಕೆಗೆ ಸುತ್ತಿಡುತ್ತಾರೆ. ಗೋಡೆಯ ಗೂಡಿನಲ್ಲಿ ಅಂಥವು ನಲವತ್ತೊಂದಿವೆ.

ತಾಲ್ಲೂಕಿನ ಹಕ್ಕಿಗಳ ಪಟ್ಟಿ ಮಾಡುವವರು ಹೋದ ವರ್ಷ ಈ ಗೂಡು ನೋಡಿಹೋಗಿದ್ದರು. ಪಟ್ಟಿ ಅಚ್ಚಾದಾಗ 'ನೋಡಿದವರು' ಎಂಬಲ್ಲಿ ಇದ್ದದ್ದು 'ಸ್ಥಳೀಯ ಮಹಿಳೆ' ಎಂದಷ್ಟೇ. "ಗುಬ್ಬಿಗೂ ಹೆಸರೈತಿ, ನನಗಿಲ್ಲೇನ್ರಿ?" ಮರೆವ್ವ ಇಂದಿಗೂ ಕೇಳುತ್ತಾರೆ.

ಈ ಸಲ ಪಟ್ಟಿ ಹಿಡಿದು ಬಂದವರು ಕಾಲೇಜಿನಲ್ಲಿ ಪಾಠ ಮಾಡುವ ರೋಹಿಣಿ. ನಿನ್ನೆ ಈ ಹಕ್ಕಿಯ ಹೊಸ ಕಂಡಿಕೆಯಲ್ಲಿ ಕಂದು, ಕಪ್ಪು, ಬಿಳಿ, ಹಸಿರು, ನೀಲಿ, ಹಳದಿ ನೋಡಿ "ಮಿಂಚುಳ್ಳಿ ಇರಬೇಕು" ಅಂದುಬಿಟ್ಟರು.

ಮರೆವ್ವ ಬಿಟ್ಟಾರೆಯೇ? "ಮಿಂಚುಳ್ಳಿ ನೀರಿಗೆ ಜಿಗಿತೈತ್ರಿ ಅಕ್ಕಾರ. ಇದು ನನ್ನಂಗ ನೆಲಕ್ಕ ಹತ್ತಿ ದುಡಿತೈತಿ. ನಸಿಕಿನ್ಯಾಗ ಎದ್ದು ಬರ್ರಿ, ಪುಸ್ತಕಾನೂ ತರ್ರಿ!"

ಇಂದು ರೋಹಿಣಿ ಬಾಗಿಲ ಮರೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಾರೆ. ಹಕ್ಕಿ ಎರಡು ಸ್ವರದ ಸಿಳ್ಳು ಹಾಕುತ್ತದೆ. ಬಾಲ ಮೇಲೇಳುತ್ತದೆ, ಅಡಿಯಲ್ಲಿ ಕುಂಕುಮದಂಥ ಕೆಂಪು!

"ಅಯ್ಯ ಶಿವನ, ಕೆಂಪು ಬಿಟ್ಟಿದ್ನಲ್ಲ!" ಮರೆವ್ವ ಪಿಸುಗುಟ್ಟಿ, ಕಂಡಿಕೆಯ ತುದಿಗೆ ಕೆಂಪೆಳೆ ಸುತ್ತುತ್ತಾರೆ.

ರೋಹಿಣಿ ಪುಸ್ತಕದ ಚಿತ್ರದ ಪಕ್ಕ ಕಂಡಿಕೆ ಹಿಡಿಯುತ್ತಾರೆ. ಒಂದೆಳೆಯೂ ತಪ್ಪಿಲ್ಲ. "ನವರಂಗ! ಮರಿ ಮಾಡಾಕ ಉತ್ತರದ ಕಾಡಿಗೆ ಹೊಂಟೈತಿ, ದಣಿವಾರಿಸಿಕೊಳ್ಳಾಕ ನಿಮ್ಮ ಹಿತ್ತಲಕ್ಕ ಇಳಿದೈತಿ. ನಾನ ತಪ್ಪಿದ್ದೆ ಮರೆವ್ವಾರ."

"ತಪ್ಪಿದ್ರ ತಪ್ಪಲಿ ಬಿಡ್ರಿ, ನಾನೂ ಕೆಂಪು ಬಿಟ್ಟಿದ್ದೆ." ಇಬ್ಬರೂ ನಗುತ್ತಾರೆ, ನವರಂಗ ಬೇಲಿಯೊಳಗೆ ನುಸುಳುತ್ತದೆ. ರೋಹಿಣಿ ಪಟ್ಟಿ ತೆರೆದು, ನೋಡಿದವರು ಎಂಬಲ್ಲಿ ಪೆನ್ನು ಊರಿ ಕೇಳುತ್ತಾರೆ, "ಏನಂತ ಬರೀಲಿ?"

"ಮರೆವ್ವ ಅಂತ ಬರೀರಿ. ಬಾಜೂಕ, ಕಂಡಿಕಿ ಸುತ್ತಾಕಿ ಅನ್ನೂದೂ ಬರೀರಿ. ಈ ಕಣ್ಣು ಸಾಲಿ ಕಲ್ತದ್ದು ಆ ನೂಲಿನಾಗರಿ."