ಗೌರಮ್ಮನ ಕುಂಕುಮದ ಬಟ್ಟಲು

ಮಧುಗಿರಿಯಲ್ಲಿ ನಾನು ನರ್ಸ್ ಆಗಿದ್ದಾಗ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದವಳು ಆನಾ, ಫಿಲಿಪೀನ್ಸಿನಿಂದ ಬಂದ ಮಿಷನರಿ ಹುಡುಗಿ. ಹಗಲೆಲ್ಲ ಇಬ್ಬರೂ ಹಳ್ಳಿ ಸುತ್ತಿ ಬಾಣಂತಿಯರನ್ನು ನೋಡಿ ಬರುತ್ತಿದ್ದೆವು. ಸಂಜೆ ಅವಳು ಬೈಬಲ್ ಓದುತ್ತಿದ್ದಳು, ನಾನು ಮುದ್ದೆ ತಿರುವುತ್ತಿದ್ದೆ.

ಒಂದು ಶುಕ್ರವಾರ ಪಕ್ಕದ ಮನೆಯ ಗೌರಮ್ಮ ನಮ್ಮನ್ನು ಕರೆದು ಕುಂಕುಮದ ಬಟ್ಟಲು ಹಿಡಿದರು. ಆನಾ ಕೈಮುಗಿದು, ಬೇಡವೆಂದು ತಲೆಯಾಡಿಸಿದಳು.

ಗೌರಮ್ಮ ನನ್ನ ಕಿವಿಯ ಹತ್ತಿರ ಬಂದು, "ಅಯ್ಯೋ, ಇಷ್ಟು ಎಳೇ ವಯಸ್ಸಿಗೇ ಗಂಡ ಹೋಗ್ಬುಟ್ನಾ?" ಎಂದರು. ಏನು ಹೇಳಲೆಂದು ನಾನು ಯೋಚಿಸುವಷ್ಟರಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮಾರನೆಯ ದಿನದಿಂದ ಆನಾಗೆ ಮಜ್ಜಿಗೆ, ಕಡಲೆಕಾಯಿ ಚಟ್ನಿ ಬರತೊಡಗಿದವು. ಆದರೆ ಮಗಳ ಸೀಮಂತಕ್ಕೆ ಗೌರಮ್ಮ ನನ್ನೊಬ್ಬಳನ್ನೇ ಕರೆದರು. ಆನಾ ಆಗಲೇ ಹೊಸ ಬಟ್ಟೆ ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ.

"ಅವ್ಳಿಗೆ ಮದ್ವೇನೇ ಆಗಿಲ್ಲ ಕಣಮ್ಮ. ಅವರಲ್ಲಿ ಕುಂಕುಮ ಇಡಲ್ಲ, ಅಷ್ಟೆ" ಎಂದೆ.

"ಅಂಗಾದ್ರೆ ಬೇಕೂ ಅಂತ್ಲೇ ನಮ್ಮನೆ ಕುಂಕುಮ ಬ್ಯಾಡ ಅಂದ್ಳಾ?" ಎಂದು ಗೌರಮ್ಮ ಬಾಗಿಲು ಎಳೆದುಕೊಂಡರು.

ಆನಾಗೆ ಸೀಮಂತದ ಕರೆಯಂತೂ ಬರಲಿಲ್ಲ, ಮಜ್ಜಿಗೆಯೂ ನಿಂತಿತು. ಆ ಇಲ್ಲದ ಗಂಡ ಸತ್ತೇ ಇರಲಿ ಎಂದು ನಾನು ಸುಮ್ಮನಿದ್ದಿದ್ದರೆ ಹುಡುಗಿಗೆ ಮಜ್ಜಿಗೆಯಾದರೂ ಸಿಗುತ್ತಿತ್ತು.