ಅಕ್ಕನ ಪದಗಳಿದ್ದ ಪೆನ್‌ಡ್ರೈವ್

ಗಂಟಲಲ್ಲಿ ಗಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದಾಗ ನಮ್ಮಕ್ಕ ಅಳಲಿಲ್ಲ. ನಾಗಲಮಡಿಕೆ ಹತ್ತಿರದ ತನ್ನೂರಿಗೆ ಬಂದು, ಕಾಲು ತೊಳೆದು, ಒಲೆಯ ಮೇಲೆ ಎಸರಿಟ್ಟು, ಆಮೇಲೆ ನನ್ನ ಕಡೆ ತಿರುಗಿದಳು. "ನನ್ ಮಗಳ ಮದ್ವೇಲಿ ಅರಿಶಿನ ಕುಟ್ಟುವಾಗ ಪದ ಯಾರು ಹೇಳ್ತಾರೆ?"

ಆ ಕಡೆ ಸೋಬಾನೆ ಪದ ಹೇಳದೆ ಅರಿಶಿನ ಕುಟ್ಟುವುದಿಲ್ಲ. ಸುತ್ತ ಯಾರ ಮನೆಯ ಮದುವೆಯಾದರೂ ಮೊದಲು ಅಕ್ಕನಿಗೆ ಕರೆ ಬರುತ್ತಿತ್ತು. ಒಂದು ಸೊಲ್ಲು ಕನ್ನಡ, ಇನ್ನೊಂದು ತೆಲುಗು. ನಮ್ಮಜ್ಜಿಯ ಬಾಯಿಂದ ಅವಳು ಕಲಿತಿದ್ದು. ನನಗೆ ಬಂದದ್ದು ಬರೀ ಸೊಲ್ಲಿಗೆ ದನಿಗೂಡಿಸುವುದು.

ಶಿರಾದ ಕಾಲೇಜೊಂದರಲ್ಲಿ ಪಾಠ ಹೇಳುವ ನಮ್ಮ ತಮ್ಮ ಆಪರೇಷನ್ನಿಗೆ ಮುಂಚೆ ಬಂದ. ಕಚ್ಚಿದ ಸೇಬಿನ ಗುರುತಿನ ಲ್ಯಾಪ್‌ಟಾಪು ಅವನ ಹೆಮ್ಮೆ. "ಫೋನಲ್ಲಿ ಬೇಡ ಕಣಕ್ಕ, ಕೀಚಲಾಗಿ ಬತ್ತದೆ" ಎಂದು ಅದನ್ನೇ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಅಕ್ಕನ ಸೆರಗಿಗೊಂದು ಪುಟ್ಟ ಮೈಕು ಸಿಕ್ಕಿಸಿದ.

"ಇದಕ್ಕೆ ತೆಲುಗು ತಿಳೀತದೇನ್ಲಾ?"

"ನಿಂಗೆ ತಿಳಿದಿದ್ದೆಲ್ಲ ಇದಕ್ಕೂ ತಿಳೀತದೆ. ನೀನು ಹೇಳು."

"ಅಂಗಾದ್ರೆ ಇನ್ಮೇಲೆ ಮದ್ವೆ ಮನೆಗೆ ಇದನ್ನೇ ಕರ್ಕೊಂಡೋಗ್ರಿ" ಎಂದು ಅಕ್ಕ ನಕ್ಕಳು. ಫ್ಯಾನು ನಿಲ್ಲಿಸಿದೆವು, ಪಕ್ಕದ ಮನೆಯವರ ಮಿಕ್ಸಿ ನಿಲ್ಲಿಸಿದೆವು. ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತಾ ಅವಳು ತನಗೆ ಬರುತ್ತಿದ್ದ ಪದಗಳನ್ನೆಲ್ಲ ಹೇಳಿ ಮುಗಿಸಿದಳು.

ಆಪರೇಷನ್ ಆಯಿತು. ಈಗ ಅವಳ ಕತ್ತಿನಲ್ಲೊಂದು ತೂತಿದೆ, ಅದರ ಮೇಲೆ ತೆಳುವಾದ ಬಿಳಿ ಬಟ್ಟೆ. ಯಾರನ್ನಾದರೂ ಕರೆಯಬೇಕಾದರೆ ತಟ್ಟೆಗೆ ಸೌಟು ಬಡಿಯುತ್ತಾಳೆ.

ಕೆಲವು ತಿಂಗಳ ಮೇಲೆ ಕೊರಟಗೆರೆಯಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಿಂದ ಎದ್ದ ಮೇಲೆ ತಮ್ಮ ನನ್ನ ಕೈಗೊಂದು ಪೆನ್‌ಡ್ರೈವ್ ಇಟ್ಟ. "ಎಲ್ಲಾ ಇದರಾಗೈತೆ. ನಿಮ್ಮನೆ ಕಂಪ್ಯೂಟರ್‌ಗೆ ಹಾಕ್ಕೊಂಡು ಅಕ್ಕನ ಫೋನಿಗೂ ಹಾಕ್ಕೊಡು. ಜೋಪಾನ." ನಾನು ಅದನ್ನು ಕರ್ಚೀಫಿನಲ್ಲಿ ಸುತ್ತಿ, ಪರ್ಸಿನ ಒಳಜೇಬಿನಲ್ಲಿಟ್ಟು ಮಧುಗಿರಿಯ ನಮ್ಮನೆಗೆ ತಂದೆ.

ನಮ್ಮ ಯಜಮಾನರ ಆಫೀಸಿನಲ್ಲೊಂದು ಪದ್ಧತಿಯಿದೆ. ಅಲ್ಲಿಯ ಪೆನ್‌ಡ್ರೈವುಗಳು ದಿನಾ ಜೆರಾಕ್ಸ್ ಅಂಗಡಿಗೆ ಹೋಗಿ ವೈರಸ್ ಹತ್ತಿಸಿಕೊಂಡು ಬರುತ್ತವೆ. ಹೊರಗಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕು ಎನ್ನುವ ಹಾಗೆ, ಅವಕ್ಕೆಲ್ಲ ಮೊದಲು ಫಾರ್ಮ್ಯಾಟ್ ಮಾಡಿ ಪೂರಾ ಅಳಿಸುವುದು, ಆಮೇಲೆ ಕೆಲಸ. ನಮ್ಮನೆಯದು ಅದೇ ಆಫೀಸಿನಂಥ ವಿಂಡೋಸ್ ಕಂಪ್ಯೂಟರು. ಯಜಮಾನರು ಪೆನ್‌ಡ್ರೈವನ್ನು ಅದಕ್ಕೆ ಸಿಕ್ಕಿಸಿದಾಗ ನಾನು ಒಳಗೆ ಹುರುಳಿಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

"ಲೇ, ನಿನ್ ತಮ್ಮ ಕೊಟ್ಟಿದ್ದು ಕೆಟ್ಟೋಗೈತೆ ಕಣೇ. ಓದಕ್ಕಾಗಲ್ಲ, ಫಾರ್ಮ್ಯಾಟ್ ಮಾಡ್ಲಾ ಅಂತ ಇದೇ ಕೇಳ್ತಾ ಐತೆ!"

"ಇರ್ರೀ, ಬಂದೆ" ಅಂದೆ. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಒತ್ತಿಯಾಗಿತ್ತು. ಅದು ಸಾಲದೆಂಬಂತೆ, ಸರಿಹೋಯಿತೋ ಇಲ್ಲವೋ ನೋಡಲು ಅದಕ್ಕೊಂದು ಸಿನಿಮಾ ಬೇರೆ ತುಂಬಿದ್ದರು. "ನೋಡು, ಈಗ ಎಷ್ಟು ಚೆನ್ನಾಗಿ ಓಡ್ತಾ ಐತೆ!"

ತಮ್ಮನಿಗೆ ಫೋನ್ ಮಾಡಿದೆ. ಯಜಮಾನರು ಫೋನು ಕಿತ್ತುಕೊಂಡು, ಕೆಟ್ಟಿದ್ದನ್ನು ಕೊಟ್ಟಿದ್ದೀಯಲ್ಲ ಎಂದು ಅವನನ್ನೇ ತರಾಟೆಗೆ ತೆಗೆದುಕೊಂಡರು.

"ಕೆಟ್ಟಿರಲಿಲ್ಲ ಬಾವ. ನನ್ನ ಲ್ಯಾಪ್‌ಟಾಪಿನ ರೀತೀಲಿ ಫಾರ್ಮ್ಯಾಟ್ ಮಾಡಿದ್ದೆ. ನಿಮ್ಮದಕ್ಕೆ ಅದು ಓದಕ್ಕೆ ಬರಲ್ಲ, ಅಷ್ಟೇ."

"ಅದನ್ನ ಮೊದ್ಲೇ ಬೊಗಳ್ಬಾರದೇನಯ್ಯಾ? ಹೋಗ್ಲಿ, ಇನ್ನೊಂದ್ಸಲ ಹಾಕ್ಕೊಡು."

ಇನ್ನೊಂದು ಸಲ ಹಾಕಲು ಏನೂ ಇರಲಿಲ್ಲ. ಪದಗಳು ನಮ್ಮ ಕೈ ಸೇರಿದವು ಎಂದುಕೊಂಡು ಅವನು ಹಳೆಯ ಲ್ಯಾಪ್‌ಟಾಪನ್ನು ಪೂರಾ ಅಳಿಸಿ, ಅಂಗಡಿಗೆ ಕೊಟ್ಟು ಹೊಸದು ತಂದಿದ್ದ. ಅಳಿಸಿದ್ದನ್ನು ತೆಗೆದುಕೊಡುತ್ತೇವೆ ಎಂಬ ಬೋರ್ಡಿದ್ದ ಅಂಗಡಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಹೋದೆ. ಅಕ್ಕನ ಪದಗಳ ಜಾಗದಲ್ಲಿ ಸಿನಿಮಾದ ಹೊಡೆದಾಟ ಕೂತಿತ್ತು.

ನನಗೆ ಇವತ್ತಿಗೂ ನುಂಗಲಾಗದಿರುವುದು ಆಮೇಲಿನದು. ಅಕ್ಕನ ಎದುರಿಗೆ ಇಬ್ಬರೂ ಒಂದೇ ಒಂದು ಸಲ ತಪ್ಪಾಯಿತು ಎನ್ನಲಿಲ್ಲ. ಹಬ್ಬ, ತಿಥಿ, ನಾಮಕರಣ, ಎಲ್ಲಿ ಕೂಡಿದರೂ ಯಾರ ಕಂಪ್ಯೂಟರು ಮೇಲು ಎಂಬುದೇ ಜಗಳ. "ನಿಮ್ದು ಡಬ್ಬ ಬಾವ." "ನಿಂದು ಒಣಜಂಭ ಕಣಯ್ಯ, ಬೇರೆಯವ್ರ ಜತೆ ಸೇರೋದೇ ಇಲ್ಲ." ಬರಬರುತ್ತಾ ಜಗಳ ತಮಾಷೆಯಾಯಿತು, ಮಿಕ್ಕವರೂ ಪಕ್ಷ ಕಟ್ಟಿದರು. ಅಕ್ಕ ಅವರ ಎಲೆಗಳಿಗೆ ಪಲ್ಯ ಬಡಿಸಿಕೊಂಡು ಮುಂದೆ ಹೋಗುತ್ತಿದ್ದಳು.

ಈ ವರ್ಷ ಅವಳ ಮಗಳ ಮದುವೆ ಕೂಡಿಬಂತು. ಚಪ್ಪರದಡಿ ಒರಳಿಗೆ ಅರಿಶಿನದ ಕೊಂಬು ಹಾಕಿ ಮುತ್ತೈದೆಯರು ಸುತ್ತ ನಿಂತರು. ಪದ ಎತ್ತುವವರಿಲ್ಲ. ತಮ್ಮ ಫೋನಿನಲ್ಲಿ ಯಾವುದೋ ಊರಿನ, ಯಾರದೋ ಸೋಬಾನೆ ಹುಡುಕಿ ಸ್ಪೀಕರಿಗೆ ಹಾಕಿದ. ಕುರ್ಚಿಯಲ್ಲಿ ಕೂತಿದ್ದ ನಮ್ಮ ಯಜಮಾನರು ಸುಮ್ಮನಿರಲಿಲ್ಲ.

"ಏನಯ್ಯಾ, ಇದು ಎಲ್ಲಾ ಕಂಪ್ಯೂಟರ್‌ಗೂ ತಿಳಿಯೋ ಪದ ತಾನೇ?"

ಚಪ್ಪರವೆಲ್ಲ ನಕ್ಕಿತು. ತಮ್ಮನೂ ನಕ್ಕ.

ಅಕ್ಕ ಎದ್ದುಹೋಗಿ ಸ್ಪೀಕರಿನ ಪ್ಲಗ್ಗು ಕಿತ್ತಳು. ಅದನ್ನು ತಮ್ಮನ ಕೈಗೆ ಕೊಟ್ಟು, ಬಂದು ಒನಕೆ ಎತ್ತಿದಳು. ಒಂದು ಏಟು, ಬಿಟ್ಟು ಎರಡು, ಮತ್ತೆ ಒಂದು. ಅವಳ ತುಟಿ ಅಲ್ಲಾಡುತ್ತಿತ್ತು. ಯಾವ ಪದವೆಂದು ನನಗೆ ಗೊತ್ತಾಯಿತು, ಎತ್ತಿಕೊಳ್ಳಲು ಅದರ ಸೊಲ್ಲುಗಳು ನನಗೆ ಬರುತ್ತಿರಲಿಲ್ಲ. ಒಬ್ಬೊಬ್ಬರಾಗಿ ನಾವೂ ಒನಕೆ ಹಿಡಿದು ಅವಳ ಏಟಿಗೆ ಏಟು ಸೇರಿಸಿದೆವು. ಯಜಮಾನರು ನೀರು ಕುಡಿಯುವ ನೆಪದಲ್ಲಿ ಎದ್ದು ಆಚೆಗೆ ಹೋದರು. ಅರಿಶಿನ ನುಣ್ಣಗಾಗುವವರೆಗೂ ತಮ್ಮ ಆ ಪ್ಲಗ್ಗು ಹಿಡಿದುಕೊಂಡೇ ನಿಂತಿದ್ದ.