ಕಡಲೆ ಹೊಲದ ಹುಳಿ

ಚಳಿ ಬಿದ್ದರೆ ಸಾಕು, ನನ್ನ ಬಾಯಲ್ಲಿ ನೀರೂರುತ್ತದೆ. ಈಗ ನನ್ನ ಮನೆ ಮುದ್ದೇಬಿಹಾಳದಲ್ಲಿ. ಇಲ್ಲಿನ ಸಂತೆಯಲ್ಲೂ ಪಲ್ಯಕ್ಕೆ ಕಡಲೆ ಗಿಡದ ಎಳೆ ಕುಡಿ ಸಿಗುತ್ತದೆ, ಆದರೆ ಮಾರುವವರು ನೀರು ಚಿಮುಕಿಸಿ ಚಿಮುಕಿಸಿ ಅದರ ಹುಳಿಯನ್ನೆಲ್ಲ ಕಳೆದಿರುತ್ತಾರೆ. ಹುಳಿ ಇಲ್ಲದ ಕಡಲೆ ಪಲ್ಯವನ್ನು ನಾನು ಪಲ್ಯವೆಂದೇ ಒಪ್ಪುವುದಿಲ್ಲ. ಈ ವಿಷಯದಲ್ಲಿ ನಾನು ಮೊಂಡಿ.

ಇಂಗಳೇಶ್ವರದ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದಾಗಿನ ಮಾತು. ಶಾಲೆಯ ಬಿಸಿಯೂಟಕ್ಕೆ ಬಾಗೇವಾಡಿ ಬಜಾರಿನಿಂದ ಬಾಡಿದ ಗಜ್ಜರಿ, ಬೀನ್ಸ್ ಬಸ್ಸೇರಿ ಬರುತ್ತಿದ್ದವು. ಇನ್ನು ಮೇಲೆ ನಮ್ಮೂರ ಸಣ್ಣ ರೈತರಿಂದಲೇ ಕೊಳ್ಳೋಣ ಎಂದು ಪಾಲಕರೆಲ್ಲ ಸೇರಿ ತೀರ್ಮಾನಿಸಿದರು. ಉತ್ಸಾಹವೇನೋ ಜೋರಾಗಿತ್ತು. ಆದರೆ ಮಳೆಯನ್ನೇ ನಂಬಿದ ಕಪ್ಪು ನೆಲ ಅದು. ಚಳಿಗಾಲದಲ್ಲಿ ಪಲ್ಯಕ್ಕಾಗುವ ಹಸಿರು ಎಂದರೆ ಕಡಲೆಯೊಂದೇ.

ಶಾಲೆಯ ಗೋಡೆಗೆ ಹತ್ತಿಕೊಂಡಿದ್ದ ಕಡಲೆ ಹೊಲ ಒಬ್ಬ ಮುದುಕಿಯದು. ಊರಿಗೆಲ್ಲ ಅವಳು ಆಯಿ. ನಮ್ಮ ಮಕ್ಕಳ ಚೆಂಡು ಆ ಕಡೆ ಬಿದ್ದರೆ ವಾಪಸು ಬರುತ್ತಿದ್ದುದು ಬೈಗುಳ ಮಾತ್ರ. ಕಡಲೆ ಗಿಡ ಎಳೆಯದಾಗಿರುವಾಗ ಕುಡಿ ಚಿವುಟಿದರೇ ಅದು ಟಿಸಿಲೊಡೆದು ಕಾಯಿ ಹಿಡಿಯುವುದು. ಹೂ ಬಿಟ್ಟ ಮೇಲೆ ಕೈ ಹಚ್ಚುವಂತಿಲ್ಲ. ಆಯಿಯ ಸೊಸೆಯಂದಿರು ಹತ್ತಿ ಬಿಡಿಸುವ ಕೂಲಿಗೆ ಹೋಗಿದ್ದರಿಂದ ಚಿವುಟುವವರಿರಲಿಲ್ಲ. ಶಾಲೆಗೆ ಕುಡಿ ಕೇಳಲು ನಾನೇ ಹೋದೆ.

"ಕುಡಿ ನಿಮ್ಮ ಸಾಲಿಗೆ ಒಯ್ರಿ. ಚಿವುಟೋರನ್ನ ಮಾತ್ರ ನೀವ ಕರ್ಕೊಂಡು ಬರ್ರಿ. ಚಪ್ಪಲಿ ಬದುವಿನ ಮ್ಯಾಲ ಬಿಡ್ರಿ" ಎಂದಳು ಆಯಿ. ಕೆಲವು ತಾಯಂದಿರು ಒಪ್ಪಿ ಬಂದರು.

ಮೊದಲ ದಿನ ಅಡುಗೆಯವರು ನಿಯಮದಂತೆ ಕುಡಿಯನ್ನು ತೊಳೆದರು. ಕಡಲೆಯ ಹುಳಿ ಇರುವುದು ಎಲೆಯ ಮೇಲೆ, ತೊಳೆದರೆ ನೀರುಪಾಲು. ನಮ್ಮವ್ವ ಯಾವತ್ತೂ ತೊಳೆದವಳಲ್ಲ. ಆದರೆ ಶಾಲೆಯ ಅಡುಗೆಗೆ ತೊಳೆಯದ ಸೊಪ್ಪು ಹಾಕಿಸುವ ಧೈರ್ಯ ನನಗೆಲ್ಲಿಯದು? ಮಕ್ಕಳು ಹುಲ್ಲು ತಿಂದವರಂತೆ ಮುಖ ಮಾಡಿ, ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿದರು. ಮರುದಿನವೂ ಅದೇ. ಬಜಾರಿನದೇ ವಾಸಿ ಎಂದು ಪಾಲಕರು ಗೊಣಗತೊಡಗಿದರು. ಶಾಲೆ ಕುಡಿ ಬೇಡವೆಂದರೆ ಚಿವುಟುವವರೂ ಬರುವುದಿಲ್ಲ. ಅರ್ಧ ಹೊಲ ಬಾಕಿ ಇತ್ತು, ಹೂ ಬಿಡುವ ಕಾಲ ಹತ್ತಿರ ಬಂದಿತ್ತು. ಆಯಿಗೆ ಇದ್ದದ್ದು ಅದೊಂದೇ ಬೆಳೆ.

ಆಗ ನಮ್ಮವ್ವನ ಧೋತರ ನೆನಪಾಯಿತು. ಚಳಿಯ ಸಂಜೆ ಅಪ್ಪನ ಹಳೆಯ ಧೋತರವನ್ನು ಅವಳು ಕಡಲೆ ಗಿಡಗಳ ಮೇಲೆ ಹಾಸುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಇಬ್ಬನಿಯ ಜೊತೆ ಹುಳಿಯೂ ಅದಕ್ಕೆ ಇಳಿದಿರುತ್ತಿತ್ತು. ಹಿಂಡಿ ಶೀಸೆಗೆ ತುಂಬಿಡುತ್ತಿದ್ದಳು, ಹೊಟ್ಟೆನೋವಿಗೆ ಒಂದು ಚಮಚ. ಆ ಊರಲ್ಲಿ ಹಾಗೆ ಹುಳಿ ಹಿಡಿಯುತ್ತಿದ್ದವಳು ಆಯಿ ಒಬ್ಬಳೇ. ಕೇಳಲು ಹೋದೆ.

"ನಿಮ್ಮ ಹುಡುಗೂರ ಹೊಟ್ಟಿ ಕಲ್ಲು ಅರಗಸ್ತಾವ. ಅವಕ್ಯಾಕ ಹುಳಿ?"

"ಹೊಟ್ಟಿಗಲ್ರೀ ಆಯಿ, ಪಲ್ಲೆಕ್ಕ. ಮಕ್ಕಳು ತಿನ್ನಲಿಲ್ಲಂದ್ರ ಚಿವುಟಾಕ ಯಾರೂ ಬರಂಗಿಲ್ರಿ."

ಆಕೆ ಒಮ್ಮೆ ಹೊಲದ ಕಡೆ ನೋಡಿದಳು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಶೀಸೆ ಹಿಡಿದು ನೆಟ್ಟಗೆ ಅಡುಗೆ ಕೋಣೆಗೇ ನುಗ್ಗಿದಳು. ತೊಳೆದ ಕುಡಿ, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ, ಕೊನೆಗೆ ಆ ಹುಳಿ. ಮೊದಲು ಬಾಯಿಗಿಟ್ಟ ಹುಡುಗಿ ಒಂದು ಕಣ್ಣು ಮುಚ್ಚಿದಳು, ಬೆರಳು ನೆಕ್ಕಿದಳು, ಮತ್ತೆ ತಟ್ಟೆ ಚಾಚಿದಳು. ಆಮೇಲೆ ನೂಕುನುಗ್ಗಲು.

"ನಿಧಾನ ತಿನ್ರೋ, ಹೊಲ ಎಲ್ಲೀ ಓಡಿ ಹೋಗಂಗಿಲ್ಲ!" ಎಂದು ಬಾಗಿಲಲ್ಲಿ ನಿಂತು ಆಯಿ ಗದರಿದಳು. ಹೂ ಬಿಡುವ ಮೊದಲೇ ಹೊಲವೆಲ್ಲ ಚಿವುಟಿ ಮುಗಿಯಿತು. ಆ ವಾರ ಗೋಡೆಯಾಚೆಯಿಂದ ಚೆಂಡುಗಳೂ ಒಂದೊಂದಾಗಿ ವಾಪಸು ಬಂದವು.

ಆಮೇಲೆ ನನಗೆ ಇಲ್ಲಿಗೆ ವರ್ಗವಾಯಿತು. ನಾನಿಲ್ಲದಿದ್ದರೆ ಅದೆಲ್ಲ ನಿಂತೇಹೋಗುತ್ತದೆ ಎಂಬ ಭಯವಿತ್ತು, ಸ್ವಲ್ಪ ಜಂಬವೂ ಇತ್ತೆನ್ನಿ. ಹೋದ ಚಳಿಗಾಲದಲ್ಲಿ ಬಸ್ ಕಂಡಕ್ಟರ್ ಒಬ್ಬರು ನನ್ನನ್ನು ನಿಲ್ದಾಣಕ್ಕೆ ಕರೆಸಿ, ಬಟ್ಟೆಯಲ್ಲಿ ಸುತ್ತಿದ ಶೀಸೆಯೊಂದನ್ನು ಕೈಗಿಟ್ಟರು.

"ಆಯಿ ಹೇಳ್ಯಾರ್ರಿ, ಸಾಲಿ ಮಕ್ಕಳ ಪಲ್ಲೆಕ್ಕ ಹಾಕಿ ಉಳದದ್ದು ಕಳಿಸೇನಿ ಅಂತ."

ತಳದಲ್ಲಿ ಎರಡು ಬೆರಳಿನಷ್ಟೂ ಇರಲಿಲ್ಲ. ಅಲ್ಲೇ ನಿಂತು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡೆ. ಒಂದು ಕಣ್ಣು ತಾನಾಗಿ ಮುಚ್ಚಿತು. ಇಷ್ಟು ಕಡಿಮೆ ಉಳಿದಿದೆಯಲ್ಲ ಎಂದು ನನಗಾದ ಸಂತೋಷ ಅಷ್ಟಿಷ್ಟಲ್ಲ.